ಅತ್ತೆಯ ಮೂರು ನಕ್ಷತ್ರ

ಕ್ಯಾಂಟೀನಿನ ಗೋಡೆಯ ಟಿವಿಯಲ್ಲಿ ಅತ್ತೆಯ ಮುಖ ಎಲ್ಲರಿಗಿಂತ ಕೆಳಗೆ ಕಾಣಿಸಿದ ದಿನ ಸೊಸೆಗೆ ಮೊದಲು ಆದದ್ದು ಖುಷಿಯೇ. ಮುಚ್ಚಿಡುವುದೇಕೆ? ಮದುವೆಯಾಗಿ ಬಂದಾಗಿನಿಂದ ಪಾತ್ರೆ ತೊಳೆದದ್ದು, ಬಾಗಿಲು ಹಾಕಿದ್ದು, ಕೆಮ್ಮಿದ್ದು, ಸೀನಿದ್ದು, ಹೀಗೆ ಪ್ರತಿಯೊಂದಕ್ಕೂ ಕಣ್ಣಲ್ಲೇ ಅಂಕ ಹಾಕುತ್ತ ಬಂದಿದ್ದ ಹೆಂಗಸಿಗೆ ಕೊನೆಗೂ ಯಾರೋ ಅಂಕ ಹಾಕಿದ್ದರು. ಅದೂ ಮುಖದ ಪಕ್ಕ ಒಂದು ಆಮೆಯ ಚಿತ್ರ ಅಂಟಿಸಿ. ಆಮೆ ನಿಧಾನವಾಗಿ ಕಣ್ಣು ಮಿಟುಕಿಸುತ್ತಿತ್ತು. ಅತ್ತೆ ಚಹಾದ ಲೋಟ ಹಿಡಿದು ಅದನ್ನೇ ನೋಡುತ್ತ ನಿಂತಿದ್ದರು.

ಆ ಚಹಾ ಆರುವಷ್ಟು ಹೊತ್ತೂ ಖುಷಿ ಉಳಿಯಲಿಲ್ಲ. ಪಟ್ಟಿಯ ನಡುವೆ ಒಂದು ಕೆಂಪು ಗೆರೆ ಇತ್ತು. ಫೋನಿನ ಆಟದ ಹಂಗಾಮು ಮುಗಿದಾಗ ಆ ಗೆರೆಯ ಕೆಳಗೆ ಉಳಿದವರ ಬಗ್ಗೆ ಕಂಪನಿ ‘ಮರುಚಿಂತನೆ’ ಮಾಡುತ್ತದೆಂದು ತರಬೇತಿ ಮೇಡಂ ಹೇಳಿದ್ದರು. ಮರುಚಿಂತನೆ ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಇಬ್ಬರು ಹೆಂಗಸರ ಸಂಬಳದಿಂದ. ಸೊಸೆಯ ಗಂಡನೆನ್ನಿಸಿಕೊಂಡವನು ಬೆನ್ನುನೋವೆಂದು ಎಷ್ಟೋ ವರ್ಷದಿಂದ ಮಲಗಿದ್ದ. ಆ ಬೆನ್ನು ಊಟದ ಹೊತ್ತಿಗೆ ಮಾತ್ರ ನೆಟ್ಟಗಾಗುತ್ತಿತ್ತು.

ಅದು ನಗರದ ಆಸ್ಪತ್ರೆಗಳ ಬಟ್ಟೆಯೆಲ್ಲ ಬಂದು ಬೀಳುವ ಲಾಂಡ್ರಿ. ಕಟ್ಟಡದ ಒಂದು ಬದಿಯಿಂದ ರಕ್ತ, ಔಷಧಿ, ವಾಂತಿಯ ಕಲೆ ಹೊತ್ತ ಮೂಟೆಗಳು ಒಳಗೆ ಹೋಗುತ್ತವೆ, ಇನ್ನೊಂದು ಬದಿಯಿಂದ ಮಡಿಸಿದ ಬೆಳ್ಳಗಿನ ಬಟ್ಟೆಗಳು ಹೊರಗೆ ಬರುತ್ತವೆ, ನಡುವೆ ಗೋಡೆ. ಸೊಸೆ ಮೂಟೆ ಬಿಚ್ಚುವ ಕಡೆ, ಮೊಣಕೈವರೆಗೆ ಗವಸು ಹಾಕಿಕೊಂಡು. ಅತ್ತೆ ಬೆಳ್ಳಗಿನ ಕಡೆ, ಮಡಿಸುವ ಮೇಜಿನ ಹತ್ತಿರ. ಟವೆಲಾಗಲಿ, ದಿಂಬಿನ ಚೀಲವಾಗಲಿ, ರೋಗಿಗಳ ಅಂಗಿಯಾಗಲಿ, ಮಡಿಸಿದ ಮೇಲೆ ಅಂಗೈಯಿಂದ ಒಮ್ಮೆ ಸವರಿ ಸುಕ್ಕು ತೆಗೆಯದೆ ಅವರು ಯಾವುದನ್ನೂ ಮುಂದಕ್ಕೆ ಕಳಿಸಿದವರಲ್ಲ. ಮನೆಯಲ್ಲೂ ಅದೇ ಚಾಳಿ. ಸೊಸೆ ಹಾಸಿದ ಹಾಸಿಗೆಯನ್ನು ಹಾದುಹೋಗುವಾಗ ಒಮ್ಮೆ ಸವರಿ ಹೋಗುತ್ತಿದ್ದರು. ಬಾಯಲ್ಲಿ ಒಂದು ಮಾತೂ ಇಲ್ಲ, ಆದರೆ ಸೊಸೆಯ ಮೈ ಉರಿದುಹೋಗುತ್ತಿತ್ತು.

ಹಿಂದೆಲ್ಲ ಅಲ್ಲಿ ಕೆಲಸ ಕಲಿಯುವುದೆಂದರೆ ಹಳಬರ ಪಕ್ಕ ನಿಂತು ಬೈಸಿಕೊಳ್ಳುವುದು. ಬೈಗುಳ ನಿಂತ ದಿನ ಕೆಲಸ ಬಂತೆಂದು ಲೆಕ್ಕ. ಮೇಲಿನ ಆಫೀಸಿನವರಿಗೆ ಇದು ಹಳೇ ಕಾಲದ್ದೆನಿಸಿತು. ಒಂದು ಬೆಳಗ್ಗೆ ತರಬೇತಿ ಮೇಡಂ ಬಂದರು. ಚಿಕ್ಕ ವಯಸ್ಸು, ನಗುಮುಖ, ಕೆಟ್ಟವರೆಂದು ಹೇಳಲು ಬಾಯಿ ಬರುವುದಿಲ್ಲ.

“ಇನ್ಮೇಲೆ ಬೋರ್ ಹೊಡೆಯೋ ಪಾಠ ಇಲ್ಲ, ಭಾಷಣ ಇಲ್ಲ. ಆಟ! ಫೋನಲ್ಲಿ ಆಡ್ತಾ ಆಡ್ತಾ ಕಲೀತೀರಿ,” ಅಂದರು. ಅದಕ್ಕೆ ‘ಕಲಿಕೆಯ ದಾರಿ’ ಅಂತ ಹೆಸರು. ದಾರಿಯುದ್ದಕ್ಕೂ ಮೆಟ್ಟಿಲು, ಮೆಟ್ಟಿಲಿಗೊಂದು ಪಾಠ. ಚೆನ್ನಾಗಿ ಆಡಿದರೆ ಪಾಠಕ್ಕೆ ಮೂರು ನಕ್ಷತ್ರ. ಮೊದಲು ಕಂಚು, ಆಮೇಲೆ ಬೆಳ್ಳಿ, ಚಿನ್ನ, ತುದಿಯಲ್ಲಿ ಕಿರೀಟ. ಪ್ರತಿ ಪ್ರಶ್ನೆ ಬಂದಾಗಲೂ ಪರದೆಯ ಮೂಲೆಯಲ್ಲಿ ಪಟಾಕಿಯ ಬತ್ತಿಯೊಂದು ಉರಿಯತೊಡಗುತ್ತದೆ, ಅದು ಮುಗಿಯುವುದರೊಳಗೆ ಮೇಲೆ ಕೆಳಗೆ ಇರುವ ಎರಡು ಉತ್ತರಗಳಲ್ಲಿ ಸರಿಯಾದದ್ದನ್ನು ಮುಟ್ಟಬೇಕು. “ಎಷ್ಟು ಮಜಾ ಇರುತ್ತೆ ನೋಡಿ ಬೇಕಾದ್ರೆ!”

ಬಾಯ್ಲರ್ ನೋಡಿಕೊಳ್ಳುವ ಮುದುಕನೊಬ್ಬನಿದ್ದ, ಎಲ್ಲರ ಬಾಯಲ್ಲೂ ಅವನು ಮಾವ. ಹಿಂದಿನ ಸಾಲಿನಿಂದ ಕೇಳಿದ: “ಮಜಾ ಬರದೇ ಇದ್ರೆ ಸಂಬಳ ಕಟ್ಟಾ ಮೇಡಂ?” ಎಲ್ಲರೂ ಗೊಳ್ಳೆಂದು ನಕ್ಕರು. ಮೇಡಂ ಕೂಡ ನಕ್ಕರು. ಆಮೇಲೆ ಆಟ ತೆರೆಯುವುದು ಹೇಗೆಂದು ತೋರಿಸತೊಡಗಿದರು.

ಅತ್ತೆಗೆ ಓದಲು ಬರುತ್ತದೆ. ಆದರೆ ಅದು ಕನ್ನಡಕ ಏರಿಸಿ, ಒಂದೊಂದು ಅಕ್ಷರಕ್ಕೂ ಮರ್ಯಾದೆ ಕೊಟ್ಟು ಓದುವ ಓದು. ಪ್ರಶ್ನೆಯ ಅರ್ಧಕ್ಕೆ ತಲುಪುವಷ್ಟರಲ್ಲಿ ಬತ್ತಿ ಉರಿದು ಢಂ ಅನ್ನುತ್ತಿತ್ತು. ಪರದೆಯ ತುಂಬ ಒಂದು ಅಳುಮುಖ. “ಏನು ಅವಸರ ಇದಕ್ಕೆ? ಬಸ್ಸು ಹಿಡೀಬೇಕಾ?” ಎಂದು ಅತ್ತೆ ಫೋನನ್ನೇ ಬೈಯುತ್ತಿದ್ದರು. ಬೈದು ಬೈದು ಕಂಚಿನಲ್ಲೇ ಉಳಿದರು, ಕಂಚಿನಲ್ಲೂ ಆಮೆಯಾದರು.

ಆಮೆ ಕಾಣಿಸಿದ ದಿನ ಸಂಜೆ ಅವರು ಊಟಕ್ಕೆ ಏಳಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲೆ ಫೋನು ಹಿಡಿದು ಕೂತೇ ಇದ್ದರು. ಢಂ, ಅಳುಮುಖ. ಢಂ, ಅಳುಮುಖ. ಸೊಸೆ ಸಹಿಸುವಷ್ಟು ಸಹಿಸಿ ಕೈ ಚಾಚಿದಳು.

“ಕೊಡಿ ಇಲ್ಲಿ.”

“ಏನು?”

“ಫೋನು. ನಾನು ಆಡ್ತೀನಿ.”

“ನನ್ನ ಬದಲು ನೀನಾ? ಕಳ್ಳತನ ಅಲ್ವೇನೇ ಅದು?”

“ಆಮೆ ಆಗಿರೋದಕ್ಕಿಂತ ವಾಸಿ.”

ಅತ್ತೆ ಮುಖ ಗಂಟಿಕ್ಕಿದರು. ಆಮೇಲೆ ಫೋನನ್ನು ಬಟ್ಟೆಯ ಅಂಚಿನಿಂದ ಚೆನ್ನಾಗಿ ಒರೆಸಿ, ಅಡ್ಡ ಬಂದವರಿಗೆ ದಾರಿ ಬಿಡುವವರಂತೆ ಬೇರೆ ಕಡೆ ನೋಡುತ್ತ ಕೊಟ್ಟರು. ಹೀಗೆ ಶುರುವಾಯಿತು.

ಸೊಸೆಯ ಬೆರಳು ಚುರುಕು, ಕಣ್ಣು ಅದಕ್ಕಿಂತ ಚುರುಕು. ವಾರ ಕಳೆಯುವುದರೊಳಗೆ ಆಮೆ ಹೋಗಿ ಮೊಲ ಬಂತು, ಮೊಲ ಹೋಗಿ ಕುದುರೆ ಬಂತು. ಅತ್ತೆಯ ಮುಖ ಕೆಂಪು ಗೆರೆ ದಾಟಿ ಬೆಳ್ಳಿಗೆ ಏರಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕ್ಯಾಂಟೀನಿನಲ್ಲಿ ಜನ ಅತ್ತೆಯ ಬೆನ್ನು ತಟ್ಟಲು ಶುರುಮಾಡಿದರು. “ಈ ವಯಸ್ಸಲ್ಲಿ! ನಮ್ಮನ್ನೆಲ್ಲ ಮೂಲೆಗೆ ಹಾಕಿಬಿಟ್ರಲ್ಲ ದೊಡ್ಡಮ್ಮ!” ಹೊಗಳಿಕೆ ಅನ್ನುವುದು ಅತ್ತೆ ಆವರೆಗೆ ಬಾಯಿಗೆ ಹಾಕಿಕೊಂಡ ಪದಾರ್ಥವಲ್ಲ. ಈಗ ರುಚಿ ಹತ್ತಿತು.

ಬಟ್ಟೆ ಒಣಗಿಸುವ ವಿಭಾಗದಲ್ಲಿ ಮೀಸೆ ಎಂದು ಅಡ್ಡಹೆಸರಿನ ಒಬ್ಬನಿದ್ದ. ಅವನೂ ಕುದುರೆ. “ಲೇ ಹುಡುಗಿ, ಆ ಮೀಸೆ ನನಗಿಂತ ಮೇಲೆ ಹೋಗಿದ್ದಾನೆ. ಇವತ್ತು ಬಿಡಬಾರದು ಅವನನ್ನ,” ಎಂದು ಅತ್ತೆ ಮನೆಗೆ ಬರುವ ಬಸ್ಸಿನಲ್ಲೇ ಫೋನು ತೆಗೆದು ಸೊಸೆಯ ತೊಡೆಯ ಮೇಲಿಡುತ್ತಿದ್ದರು. “ಎರಡೇ ನಕ್ಷತ್ರಾನಾ? ಮನಸ್ಸಿಟ್ಟು ಆಡು ಸ್ವಲ್ಪ.” ಸೊಸೆಯ ಸ್ವಂತ ಆಟ ಕೆಂಪು ಗೆರೆಯ ಮೇಲೆ ಮೂಗು ಮಾತ್ರ ಕಾಣುವಷ್ಟು ಎತ್ತರದಲ್ಲಿ ಹೇಗೋ ತೇಲುತ್ತಿತ್ತು. “ನಿನ್ನದು ಆಮೇಲೆ ಆಡಿದ್ರಾಯ್ತು, ನೀನಿನ್ನೂ ಚಿಕ್ಕೋಳು,” ಅನ್ನುತ್ತಿದ್ದರು ಅತ್ತೆ.

ಆದರೆ ಇನ್ನೊಂದು ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಸೊಸೆ ಆಡಲೆಂದು ಆ ಮನೆಯಲ್ಲಿ ಮೊದಲ ಸಲ ಅತ್ತೆ ಪಾತ್ರೆ ತೊಳೆದರು. ನೆಲ ಒರೆಸಿದರು. ಕೆಲಸ ಮುಗಿಸಿ ಒದ್ದೆ ಕೈಯಲ್ಲೇ ಬಂದು ಸೊಸೆಯ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. ಮುಗಿದ ಪಾಠವನ್ನೇ ಮತ್ತೆ ಆಡಿದರೂ ಅಂಕ ಬರುತ್ತಿತ್ತು, ಮತ್ತು ಪ್ರಶ್ನೆಗಳಾಗಲಿ ಅವುಗಳ ಸರದಿಯಾಗಲಿ ಬದಲಾಗುತ್ತಲೇ ಇರಲಿಲ್ಲ. ಕಂಪನಿ ಅಗ್ಗದ ಆಟ ತಂದಿತ್ತೋ ಏನೋ. ಅದಕ್ಕೇ ಇಬ್ಬರೂ ಅವೇ ಪಾಠಗಳನ್ನು ತಿರುತಿರುಗಿ ಆಡುತ್ತಿದ್ದರು. ಅತ್ತೆ ಕನ್ನಡಕ ಕೂಡ ಹಾಕದೆ, “ಈಗ ಮೇಲಿನದು. ಈಗ ಕೆಳಗಿನದು. ಈಗ ಮತ್ತೆ ಕೆಳಗಿನದೇ,” ಎಂದು ಪಕ್ಕದಿಂದ ಕೂಗುತ್ತಿದ್ದರು. ಸರಿಯಾದರೆ ಚಪ್ಪಾಳೆ ತಟ್ಟಿ ನಗುತ್ತಿದ್ದರು. ಆ ನಗು ಸೊಸೆ ಅಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಅವಳಿಗೆ ಆ ಸಂಜೆಗಳು ಇಷ್ಟವಾಗಿದ್ದವು.

ದಾರಿಯ ಮೇಲಿನ ಮೆಟ್ಟಿಲುಗಳಿಗೆ ಇನ್ನೊಂದು ಷರತ್ತಿತ್ತು. ಫೋನಿನಲ್ಲಿ ಆಡಿದರೆ ಸಾಲದು, ಅದೇ ಕೆಲಸವನ್ನು ಯಂತ್ರದ ಮುಂದೆ ಮಾಡಿ ತೋರಿಸಬೇಕು. ಮೇಲ್ವಿಚಾರಕ ಕಣ್ಣಾರೆ ನೋಡಿ ತನ್ನ ಫೋನಿನಲ್ಲಿ ಹಸಿರು ಗುರುತು ಒತ್ತಬೇಕು. ಈ ಮೇಲ್ವಿಚಾರಕನಿಗೆ ಸೀಟಿ ಎಂದು ಹೆಸರು ಬಿದ್ದಿತ್ತು, ಯಾರನ್ನು ಕರೆಯುವುದಿದ್ದರೂ ಬಾಯಲ್ಲಿ ಸೀಟಿ ಹೊಡೆಯುತ್ತಿದ್ದ. ಎಷ್ಟು ಹಸಿರು ಒತ್ತಿದನೆಂಬುದರ ಮೇಲೆ ಅವನದೂ ಒಂದು ಪಟ್ಟಿ, ಅವನಿಗೂ ಒಂದು ಕೆಂಪು ಗೆರೆ. ಅದಕ್ಕೇ ಚಹಾದ ಬಿಡುವಿನಲ್ಲಿ ಬಿಸ್ಕತ್ತು ಅದ್ದುತ್ತ, “ನೋಡಿದೆ, ನೋಡಿದೆ, ನಿಮ್ಮದೂ ನೋಡಿದೆ,” ಎಂದು ಒತ್ತುತ್ತ ಹೋಗುತ್ತಿದ್ದ. ಎಲ್ಲರಿಗೂ ಹಸಿರು ಬೇಕಾಗಿತ್ತು.

ಹಂಗಾಮಿನ ಕೊನೆಗೆ ಅತ್ತೆಗೆ ಕಿರೀಟ ಬಂತು. ಟಿವಿಯಲ್ಲಿ ಬಣ್ಣದ ಕಾಗದದ ಚೂರುಗಳು ಉದುರಿದವು. ತರಬೇತಿ ಮೇಡಂ ರಟ್ಟಿನ ಕಿರೀಟವೊಂದನ್ನು ತಂದು ಅತ್ತೆಯ ತಲೆಗಿಟ್ಟು ಫೋಟೊ ತೆಗೆಸಿದರು. “ಕಲಿಯೋಕೆ ವಯಸ್ಸು ಅಡ್ಡ ಬರಲ್ಲ ಅನ್ನೋದಕ್ಕೆ ಇವರೇ ಸಾಕ್ಷಿ!” ಮೀಸೆ ಹೊಟ್ಟೆ ಉರಿದುಕೊಂಡೇ ಚಪ್ಪಾಳೆ ತಟ್ಟಿದ. ಸೊಸೆಯೂ ತಟ್ಟಿದಳು. ತನ್ನ ಕೆಲಸಕ್ಕೆ ತಾನೇ ಚಪ್ಪಾಳೆ ತಟ್ಟಿಕೊಳ್ಳುವ ಆ ವಿಚಿತ್ರಕ್ಕೆ ನಗು ಬಂದು, ಬಾಯಿಗೆ ಕೈ ಅಡ್ಡ ಹಿಡಿದಳು.

ಕಿರೀಟ ಗೆದ್ದವರಿಗೆ ಬರೀ ರಟ್ಟು ಸಿಗುವುದಿಲ್ಲ, ಮೇಲಿನ ಕೆಲಸವೂ ಸಿಗುತ್ತದೆ. ಅತ್ತೆಯನ್ನು ರೋಲರಿಗೆ ಹಾಕಿದರು. ರೋಲರೆಂದರೆ ಒಂದು ದೊಡ್ಡ ಕೋಣೆಯಷ್ಟು ಉದ್ದದ ಇಸ್ತ್ರಿ ಯಂತ್ರ. ಇಬ್ಬರು ನಿಂತು ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಬಾಯಿಗೆ ಕೊಟ್ಟರೆ, ಕಾದ ಉರುಳೆಗಳು ಅದನ್ನು ಒಳಗೆಳೆದುಕೊಂಡು ಆ ಕಡೆ ಕಾಗದದಷ್ಟು ನುಣ್ಣಗೆ ಮಾಡಿ ಉಗುಳುತ್ತವೆ. ಸಂಬಳ ಹೆಚ್ಚು. ಮರ್ಯಾದೆಯೂ ಹೆಚ್ಚು. ಅತ್ತೆ ಅದರ ಹತ್ತಿರ ನಿಂತು ಕೆಲಸ ಮಾಡಿದವರಲ್ಲ. ಅವರು ಗೆದ್ದದ್ದು ಮೇಲಿನದು, ಕೆಳಗಿನದು, ಮತ್ತೆ ಕೆಳಗಿನದು.

ರೋಲರಿನ ಪಾಠ ಆಡಿದ್ದ ಸೊಸೆಗೆ ಒಂದು ಪ್ರಶ್ನೆ ನೆನಪಿತ್ತು. ಒಳಗೆ ಹೋಗುತ್ತಿರುವ ಬೆಡ್‌ಶೀಟಿನಲ್ಲಿ ಸುಕ್ಕು ಕಂಡರೆ ಏನು ಮಾಡಬೇಕು? ಮೇಲಿನ ಉತ್ತರ: ಕೈಯಿಂದ ಸವರಿ ಸರಿಮಾಡಬೇಕು. ಕೆಳಗಿನದು: ಕೈ ಹಚ್ಚದೆ ಹಾಗೇ ಹೋಗಲು ಬಿಡಬೇಕು. ಕೆಳಗಿನದೇ ಸರಿ. ಅತ್ತೆಯ ಅಂಗೈಯನ್ನು ದಿನಾ ನೋಡುತ್ತಿದ್ದ ಅವಳಿಗೆ, ಅತ್ತೆ ರೋಲರಿಗೆ ಹೋಗುವ ಮೊದಲ ದಿನ ಬೆಳಗ್ಗೆ ಅದು ಹೊಳೆಯಿತು. ಅತ್ತೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದರು.

“ಅತ್ತೆ, ರೋಲರ್ ಹತ್ರ ಒಂದು ವಿಷಯ…”

“ಏನು, ನನಗೇ ಪಾಠ ಹೇಳಿಕೊಡ್ತೀಯಾ? ಮೂಟೆ ಬಿಚ್ಚೋಳು?”

ತಮಾಷೆಗೆ ಅಂದಿದ್ದರೋ ಏನೋ. ಕಿರೀಟ ತಲೆಗೇರಿತ್ತು ಅಂತಲೂ ಅನ್ನಬಹುದು. ಸೊಸೆಗೆ ಮಾತ್ರ ನೆತ್ತಿಗೇರಿತು. ಯಾರ ಬೆರಳಿನ ಕಿರೀಟ ಅದು? ಯಾರ ಕಣ್ಣು ಉರಿದದ್ದು? ನಾಲಿಗೆ ತುದಿಯಲ್ಲಿದ್ದದ್ದನ್ನು ನುಂಗಿ, ಚಪ್ಪಲಿ ಮೆಟ್ಟಿ, ಅತ್ತೆಗಾಗಿ ಕಾಯದೆ ಬಸ್ಸು ಹತ್ತಿದಳು. ಅಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಳು. ಹೇಳಲು ಅಲ್ಲಿ ಯಾರಿದ್ದರು? ಕಿರೀಟದವರಿಗೆ ಹೇಳಿಕೊಡಲು ಹೋಗುವಷ್ಟು ಧೈರ್ಯ ಯಾರಿಗಿದ್ದೀತು?

ಊಟದ ಗಂಟೆಗೆ ಇನ್ನೂ ಹೊತ್ತಿತ್ತು. ಗೋಡೆಯ ಆಚೆಯಿಂದ ಕೂಗು ಕೇಳಿಸಿತು, ಹಿಂದೆಯೇ ರೋಲರಿನ ಸದ್ದು ನಿಂತಿತು. ಆ ಸದ್ದು ಕೆಲಸದ ಹೊತ್ತಿನಲ್ಲಿ ನಿಲ್ಲುವುದೆಂಬುದೇ ಇಲ್ಲ. ಸೊಸೆ ಕೊಳಕು ಗವಸಿನಲ್ಲೇ, ಹೋಗಬಾರದ ಬಾಗಿಲಿನಿಂದ ಬೆಳ್ಳಗಿನ ಕಡೆಗೆ ಓಡಿದಳು.

ಒಂದು ಮೂಲೆ ಮಡಚಿಕೊಂಡಿತ್ತಂತೆ. ಎದುರು ಮೂಲೆ ಹಿಡಿದಿದ್ದ ಹೆಂಗಸು ಆಮೇಲೆ ಹೇಳಿದಳು. ದೊಡ್ಡಮ್ಮನ ಅಂಗೈ ತಾನಾಗಿಯೇ ಸವರಲು ಹೋಯಿತಂತೆ, ನೊಣ ಓಡಿಸುವಷ್ಟು ಸಲೀಸಾಗಿ. ಬೆಡ್‌ಶೀಟಿನ ಜೊತೆ ಕೈಯೂ ಹೋಯಿತು. ಎದುರಿನವಳು ಯಂತ್ರ ನಿಲ್ಲಿಸುವ ಸರಳನ್ನು ಒದೆಯದಿದ್ದರೆ ಮೊಣಕೈವರೆಗೂ ಹೋಗುತ್ತಿತ್ತು.

ಬೆರಳುಗಳನ್ನು ಉಳಿಸಿದರು ಆಸ್ಪತ್ರೆಯವರು. ಆದರೆ ಉಳಿದ ಬೆರಳು ಮಡಚುವುದಿಲ್ಲ, ಏನನ್ನೂ ಹಿಡಿಯುವುದಿಲ್ಲ. ಅತ್ತೆ ಮಲಗಿದ್ದ ಹಾಸಿಗೆಯ ಮೇಲೆ ಹೊದಿಸಿದ್ದು ಅವರದೇ ಲಾಂಡ್ರಿಯ ಬೆಡ್‌ಶೀಟು. ಅವರು ಅದರ ಅಂಚನ್ನು ಎಡಗೈಯಲ್ಲಿ ಹಿಡಿದು ನೋಡಿ, “ಮಡಿಸಿದ್ದು ಸರಿಯಿಲ್ಲ,” ಅಂದರು. ಸೊಸೆ ಹೊರಗೆ ಹೋಗಿ ಗೋಡೆಗೆ ಹಣೆ ಹಚ್ಚಿ ಅತ್ತಳು.

ವಿಚಾರಣೆಗೆ ಕರೆ ಬಂತು. ಹಿಂದಿನ ದಿನ ಬಾಯ್ಲರ್ ಮಾವ ಸೊಸೆಯನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದ. “ನೋಡಮ್ಮ, ಅಲ್ಲಿ ಕೇಳೋದು ಒಂದೇ ಪ್ರಶ್ನೆ. ಕಲಿಸಿದ್ರಾ, ಕಲಿಸಲಿಲ್ವಾ? ಕಲಿಸದೇ ಯಂತ್ರಕ್ಕೆ ಹಾಕಿದ್ರೆ ತಪ್ಪು ಅವರದ್ದು. ಆಸ್ಪತ್ರೆ ಖರ್ಚು ಅವರೇ ನೋಡ್ಬೇಕು, ಕೂತು ಮಾಡೋ ಕೆಲಸ ಕೊಟ್ಟು ಇಟ್ಕೋಬೇಕು. ಕಲಿಸಿದ ಮೇಲೂ ಕೈ ಹಾಕಿದ್ರೆ ತಪ್ಪು ನಿಮ್ಮತ್ತೆದು. ಗೇಟಿನಿಂದ ಹೊರಗೆ. ಅಷ್ಟೇ.”

ಅಷ್ಟೇ ಆಗಿದ್ದರೆ ದಾರಿಯೂ ಒಂದೇ. ಆಡಿದ್ದು ನಾನು ಎಂದು ಸೊಸೆ ಹೇಳಬೇಕು. ತನ್ನ ಕೆಲಸ ಹೋಗುತ್ತದೆ, ಹೋಗಲಿ. ಇನ್ನೊಂದು ಕಡೆ ಪಾತ್ರೆ ತೊಳೆದಾದರೂ ಬದುಕಬಹುದು, ಅವಳ ಕೈ ನೆಟ್ಟಗಿದೆ. ಇದನ್ನು ಅತ್ತೆಗೆ ಮೊದಲೇ ಹೇಳಲೇ ಎಂದು ಬಾಯಿ ತೆರೆದು, ಮತ್ತೆ ಮುಚ್ಚಿದಳು. ಹೇಳಿದರೆ ಅತ್ತೆ ಒಪ್ಪುವುದಿಲ್ಲ, ಬೇಡವೆಂದು ಹಟ ಹಿಡಿಯುತ್ತಾರೆ ಅನ್ನಿಸಿತು. ಒಳಗೆ ಹೋಗಿ ಹೇಳಿಬಿಟ್ಟರೆ ಮುಗಿಯಿತಲ್ಲ.

ಗಾಜಿನ ಮೇಜು, ತಣ್ಣಗೆ ಕೊರೆಯುವ ಕೋಣೆ, ಎಲ್ಲರ ಮುಂದೆಯೂ ಒಂದೊಂದು ನೀರಿನ ಬಾಟಲಿ. ಮೇಲಿನ ಆಫೀಸಿನಿಂದ ಟೈ ಕಟ್ಟಿದ ಅಧಿಕಾರಿಯೊಬ್ಬರು ಬಂದಿದ್ದರು. ಪಕ್ಕದಲ್ಲಿ ತರಬೇತಿ ಮೇಡಂ, ಮೂಲೆಯಲ್ಲಿ ಉಗುರು ಕಚ್ಚುತ್ತ ಸೀಟಿ. ಅಧಿಕಾರಿ ಅತ್ತೆಯನ್ನು “ಅಮ್ಮಾ” ಎಂದೇ ಮಾತಾಡಿಸಿದರು. ಕುರ್ಚಿಯನ್ನು ತಾವೇ ಎಳೆದುಕೊಟ್ಟರು. ಬೆಣ್ಣೆಯಂಥ ಮನುಷ್ಯ. ಆಮೇಲೆ ಲ್ಯಾಪ್‌ಟಾಪನ್ನು ಈ ಕಡೆ ತಿರುಗಿಸಿದರು.

“ರೋಲರ್ ಸುರಕ್ಷತೆಯ ಪಾಠ. ನೋಡಿ, ನೀವು ಮತ್ತೆ ಮತ್ತೆ ಆಡಿದ್ದೀರಿ. ಪ್ರತಿ ಸಲವೂ ಮೂರು ನಕ್ಷತ್ರ. ಸುಕ್ಕಿಗೆ ಕೈ ಹಚ್ಚಬಾರದು ಅನ್ನೋ ಪ್ರಶ್ನೆಗೆ ಒಂದು ಸಲವೂ ತಪ್ಪು ಉತ್ತರ ಇಲ್ಲ. ಯಂತ್ರದ ಮುಂದೆ ಮಾಡಿ ತೋರಿಸಿದ್ದೀರಿ ಅಂತ ಮೇಲ್ವಿಚಾರಕರ ಹಸಿರು ಗುರುತೂ ಇದೆ. ಅಲ್ವೇನ್ರೀ?”

“ಹೌದು ಸರ್. ನೋಡಿದ್ದೆ ಸರ್,” ಅಂದ ಸೀಟಿ, ಮೇಜಿನ ಕಾಲಿಗೆ ಹೇಳುವವನಂತೆ.

“ಆಡಿದ್ದು ನಾನು ಸರ್,” ಅಂದಳು ಸೊಸೆ.

ದನಿ ಗಟ್ಟಿಯಾಗಿಯೇ ಬಂತು. ಎಲ್ಲ ಹೇಳಿದಳು. ಆಮೆ, ಬಸ್ಸು, ಅಡುಗೆಮನೆ, ಮೀಸೆ. ಅತ್ತೆ ಓದಿ ಮುಗಿಸುವುದರೊಳಗೆ ಬತ್ತಿ ಉರಿದುಹೋಗುತ್ತಿತ್ತೆಂದು ಹೇಳಿದಳು. ಅವರಿಗೆ ಯಾರೂ ಏನೂ ಕಲಿಸಿಲ್ಲ ಸರ್, ಬೇಕಾದರೆ ನನ್ನನ್ನು ತೆಗೆದುಹಾಕಿ ಎಂದಳು. ತರಬೇತಿ ಮೇಡಂ ಮುಖದಲ್ಲಿ ರಕ್ತವಿರಲಿಲ್ಲ. ಅಧಿಕಾರಿಯ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತ್ತು.

“ಸುಳ್ಳು,” ಅಂದರು ಅತ್ತೆ.

ಸೊಸೆ ಗಕ್ಕನೆ ತಿರುಗಿದಳು.

“ಅವಳಿಗೆ ನನ್ನ ಮೇಲೆ ಕನಿಕರ. ಅದಕ್ಕೇ ಹೀಗೆಲ್ಲ ಹೇಳ್ತಿದ್ದಾಳೆ. ಆಡಿದ್ದು ನಾನೇ. ಕಿರೀಟ ಇಟ್ಟಿದ್ದು ನನ್ನ ತಲೆಗೆ, ನೀವೇ ಫೋಟೊ ತೆಗೆಸಿದ್ರಲ್ಲ ಮೇಡಂ?”

ಸೊಸೆಯ ಕೆಲಸ ಉಳಿಸಲು ಹಾಗೆ ಹೇಳಿದರೋ, ಕಿರೀಟ ಬಿಟ್ಟುಕೊಡಲಾರದೆ ಹೇಳಿದರೋ, ಅತ್ತೆಯ ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ. ಎರಡೂ ಇದ್ದಿರಬಹುದು. ಸೊಸೆ ಮೇಜಿನ ಕೆಳಗೆ ಅವರ ಎಡಗೈ ಹಿಡಿದು ಒತ್ತಿದಳು. ಅತ್ತೆ ತಿರುಗಿ ಒತ್ತಿದರು, ಹೆದರಬೇಡ, ನಾನಿದ್ದೇನೆ ಅನ್ನುವ ಹಾಗೆ.

ಅಧಿಕಾರಿ ಸ್ವಲ್ಪ ಯೋಚಿಸಿ ನಕ್ಕರು. “ಇದಕ್ಕೆ ಜಗಳ ಯಾಕೆ? ಅಮ್ಮಾ, ಆ ಪಾಠ ಒಂದು ಸಲ ನಮ್ಮ ಮುಂದೆ ಆಡಿ ತೋರಿಸ್ತೀರಾ?”

ಸೊಸೆಗೆ ಹೋದ ಜೀವ ಬಂದಂತಾಯಿತು. ಇನ್ನೇನು, ಢಂ ಅನ್ನುತ್ತದೆ. ಅಳುಮುಖ ಬರುತ್ತದೆ. ಅತ್ತೆಗೆ ಅವಮಾನವಾಗುತ್ತದೆ, ಆಗಲಿ, ನಿಜ ತಾನಾಗಿಯೇ ಹೊರಬೀಳುತ್ತದೆ. ಮೇಡಂ ಫೋನು ತೆರೆದು ಅತ್ತೆಯ ಮುಂದಿಟ್ಟರು. ಅತ್ತೆ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈಯ ಹೆಬ್ಬೆರಳನ್ನು ಮುಂದೆ ಮಾಡಿದರು. ಕನ್ನಡಕ ಚೀಲದಲ್ಲೇ ಇತ್ತು.

ಮೇಲಿನದು. ಕೆಳಗಿನದು. ಕೆಳಗಿನದು. ಬತ್ತಿ ಹೊತ್ತಿಕೊಳ್ಳುವ ಮೊದಲೇ ಹೆಬ್ಬೆರಳು ಮುಟ್ಟಿ ಮುಂದೆ ಹೋಗುತ್ತಿತ್ತು. ಸುಕ್ಕಿನ ಪ್ರಶ್ನೆ ಬಂತು. ಕೆಳಗಿನದು. ಅತ್ತೆಯ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು, ಅಡುಗೆಮನೆಯಲ್ಲಿ ಪಕ್ಕದಲ್ಲಿ ಕೂತು ಕೂಗುತ್ತಿದ್ದಾಗ ಹೇಗೋ ಹಾಗೆ. ಕೊನೆಯದನ್ನು ಮುಟ್ಟಿದರು. ಫೋನು ತುತ್ತೂರಿ ಊದಿತು. ಮೂರು ನಕ್ಷತ್ರ ಒಂದೊಂದಾಗಿ ಹೊಳೆದವು. ತರಬೇತಿ ಮೇಡಂ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಲು ಹೋಗಿ, ನಡುವೆ ಕೈ ತಡೆದುಕೊಂಡರು.

“ಕನ್ನಡಕಾನೇ ಹಾಕ್ಕೊಂಡಿಲ್ಲ ಅವರು!” ಸೊಸೆ ಎದ್ದು ನಿಂತಳು. “ಪ್ರಶ್ನೆ ಓದೇ ಇಲ್ಲ ಸರ್! ಎಲ್ಲಿ ಮುಟ್ಟಬೇಕು ಅಂತ ನೆನಪಿಟ್ಟುಕೊಂಡಿದ್ದಾರೆ ಅಷ್ಟೇ. ಪ್ರಶ್ನೆ ಏನಿತ್ತು ಅಂತ ಕೇಳಿ ನೋಡಿ, ಹೇಳೋಕಾಗಲ್ಲ ಅವರಿಗೆ!”

“ಕೂತ್ಕೊಳ್ಳಿ,” ಅಂದರು ಅಧಿಕಾರಿ, ಸಿಟ್ಟಿಲ್ಲದೆ. “ನೆನಪಿದೆ ತಾನೆ? ಕಲಿಯೋದು ಅಂದ್ರೆ ಅದೇ ಅಲ್ವಾ?”

ಆಮೇಲಿನದೆಲ್ಲ ಸರಸರನೆ ಮುಗಿಯಿತು. ನಿಯಮ ಗೊತ್ತಿದ್ದೂ ಮೀರಿದ್ದಾರೆ, ಕಂಪನಿಗೆ ತುಂಬ ವಿಷಾದವಿದೆ, ಆದರೆ ಹೊಣೆಯಿಲ್ಲ. ಸೊಸೆಯ ಕಡೆ ತಿರುಗಿ ಅಧಿಕಾರಿ ದನಿ ತಗ್ಗಿಸಿದರು. “ಅತ್ತೆಯ ಮೇಲಿನ ಪ್ರೀತಿಗೆ ಸುಳ್ಳು ಹೇಳಿದ್ರಿ, ಅರ್ಥ ಆಗುತ್ತೆ. ಅದನ್ನ ನಾವು ಬರ್ಕೊಳ್ಳಲ್ಲ. ನೀವು ಕೆಲಸಕ್ಕೆ ಹೋಗಿ.” ಉಪಕಾರ ಮಾಡಿದ ಮುಖ ಅವರದು. ಸೊಸೆ ಹಲ್ಲು ಕಚ್ಚಿಕೊಂಡು ತಲೆ ಬಗ್ಗಿಸಿದಳು. ಹಾಗೆ ಬಗ್ಗಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು.

ಮೆಟ್ಟಿಲ ಹತ್ತಿರ ಬಂದಾಗ ಅತ್ತೆಯ ಮುಖ ಅರಳಿತ್ತು.

“ಒಂದೂ ತಪ್ಪಲಿಲ್ಲ ಅಲ್ವಾ?”

“ಇಲ್ಲ ಅತ್ತೆ.”

“ಎಡಗೈಯಲ್ಲಿ! ಆ ಟೈ ಕಟ್ಟಿದವನ ಮುಖ ನೋಡಿದೆಯಾ? ನೀನು ಅವಸರದಲ್ಲಿ ಏನೇನೋ ಒದರಿಬಿಟ್ಟೆ, ಇಬ್ಬರನ್ನೂ ಕಳ್ಳರು ಅಂತ ಹೊರಗೆ ಹಾಕ್ತಿದ್ರು. ಈಗ ನೋಡು, ಎಡಗೈಯಲ್ಲೂ ಆಗುತ್ತೆ ಅಂತ ಗೊತ್ತಾಯ್ತಲ್ಲ. ಏನಾದ್ರೂ ಕೂತು ಮಾಡೋ ಕೆಲಸ ಕೊಡ್ತಾರೆ. ನೀನ್ಯಾಕೆ ಅಳ್ತೀಯಾ?”

ವಿಚಾರಣೆಯ ಕೋಣೆಯ ಮಾತುಗಳಲ್ಲಿ ಅತ್ತೆ ಕೇಳಿಸಿಕೊಂಡದ್ದು ವಿಷಾದ ಎಂಬ ಒಂದನ್ನು ಮಾತ್ರ. ಸೊಸೆಗೆ ಅವರನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು, ತಬ್ಬಿಕೊಳ್ಳಬೇಕೆನಿಸಿತು. ಎರಡೂ ಮಾಡದೆ, ಬಾಯ್ಲರ್ ಮಾವ ಹೇಳಿದ್ದನ್ನು ಒಂದೊಂದೇ ಮಾತಾಗಿ ಹೇಳಿದಳು. ತಪ್ಪು ಮುಟ್ಟಿದ್ದರೆ ಕಂಪನಿಯ ತಪ್ಪಾಗುತ್ತಿತ್ತು. ಸರಿ ಮುಟ್ಟಿದ್ದಕ್ಕೆ ನಿಮ್ಮ ತಪ್ಪಾಯಿತು. ನಾಳೆಯಿಂದ ನಿಮಗೆ ಇಲ್ಲಿ ಕೆಲಸವಿಲ್ಲ.

ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಇಳಿಯುವವರು, ಹತ್ತುವವರು ಪಕ್ಕಕ್ಕೆ ಸರಿದು ಹೋಗುತ್ತಿದ್ದರು.

“ಹಾಗಾದ್ರೆ ನೀನು ಹೇಳಿದ್ದಕ್ಕೆ ಹೂಂ ಅಂದಿದ್ರೆ ಸಾಕಿತ್ತಾ?”

“ಸಾಕಿತ್ತು.”

“ನಿನ್ನ ಕೆಲಸ ಹೋಗ್ತಿತ್ತಲ್ಲೇ.”

“ಹೋಗ್ತಿತ್ತು.”

ಅತ್ತೆ ಬ್ಯಾಂಡೇಜಿನ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ಬೈಯುವ ದನಿಯಲ್ಲೂ ಅಲ್ಲ, ದೂರುವ ದನಿಯಲ್ಲೂ ಅಲ್ಲ, ಗೊತ್ತಿಲ್ಲದ್ದನ್ನು ಕೇಳುವವರ ಹಾಗೆ ಕೇಳಿದರು: “ನೀನು ನನಗೆ ಮೊದಲೇ ಹೇಳಬಾರದಿತ್ತಾ?”

ಅವರು ಕೇಳಿದ್ದು ಇವತ್ತಿನ ವಿಷಯ. ಸೊಸೆಗೆ ಕೇಳಿಸಿದ್ದು ಆ ಬೆಳಗಿನದೂ ಹೌದು, ಕನ್ನಡಿಯ ಮುಂದಿನದು. ಇವತ್ತು ಅತ್ತೆಯ ಹಟಕ್ಕೆ ಹೆದರಿ ಹೇಳಲಿಲ್ಲ, ಅವತ್ತು ಸಿಟ್ಟಿಗೆ ಹೇಳಲಿಲ್ಲ. ಪಾಳಿಯ ಗಂಟೆ ಹೊಡೆಯಿತು. ತಡವಾದರೆ ಅವಳ ಹೆಸರಿನ ಮುಂದೆಯೂ ಕೆಂಪು ಗುರುತು ಬೀಳುತ್ತದೆ, ಇನ್ನು ಮನೆಯಲ್ಲಿರುವುದು ಒಂದೇ ಸಂಬಳ. ಅತ್ತೆಯನ್ನು ಎಬ್ಬಿಸಿ, ಗೇಟು ದಾಟಿಸಿ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ಯಾವ ನಿಲ್ದಾಣದಲ್ಲಿ ಇಳಿಸಬೇಕೆಂದು ಕಂಡಕ್ಟರಿಗೆ ಹೇಳಿದಳು. ಆಮೇಲೆ ಗವಸು ಹಾಕಿಕೊಂಡು ಮೂಟೆ ಬಿಚ್ಚಲು ಒಳಗೆ ಹೋದಳು.